ಹಾಡುವವರ ಪಕ್ಕದ ಪಿಯಾನೋ: ಹ್ಯಾಂಕ್ ಜೋನ್ಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಬಗ್ಗೆ ಬರೆದಾಗ, ಆಕೆಗೆ ಪಿಯಾನೋ ನುಡಿಸುತ್ತಿದ್ದ ಹ್ಯಾಂಕ್ ಜೋನ್ಸ್ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಪತ್ರಗಳು ಜಾಸ್ತಿ ಬಂದದ್ದು ಆ ಒಂದು ಸಾಲಿಗೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಕ್ಯಾನನ್‌ಬಾಲ್ ಆಡರ್ಲಿ ಅವರ ‘ಸಮ್‌ಥಿಂಗ್ ಎಲ್ಸ್’ ಆಲ್ಬಮ್ ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಮೈಲ್ಸ್ ಡೇವಿಸ್ ಗೊತ್ತು, ಆರ್ಟ್ ಬ್ಲೇಕಿ ಗೊತ್ತು. ಪಿಯಾನೋ ನುಡಿಸಿದ್ದು ಹ್ಯಾಂಕ್ ಜೋನ್ಸ್ ಅಂತ ಈಗಷ್ಟೇ ನೋಡಿದೆ. ಯಾರು ಸ್ವಾಮಿ ಇವರು?

ಉತ್ತರ: ಇದು ನಿಮ್ಮೊಬ್ಬರ ಕಥೆ ಅಲ್ಲ ಬಿಡಿ. ಜಾಸ್ತಿ ಜನ ಅವರನ್ನು ಹೀಗೇ ಕೇಳಿರುತ್ತಾರೆ, ಹೆಸರು ಗೊತ್ತಿಲ್ಲದೆ.

ಹ್ಯಾಂಕ್ ಜೋನ್ಸ್ ಹುಟ್ಟಿದ್ದು 1918ರ ಜುಲೈ 31ರಂದು, ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್ ಹತ್ತಿರದ ಪಾಂಟಿಯಾಕ್ ಎಂಬ ಊರಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯರು, ಮನೆಯಲ್ಲಿ ಅಕ್ಕಂದಿರು ಪಿಯಾನೋ ನುಡಿಸುತ್ತಿದ್ದರು. ಹದಿಹರೆಯದಲ್ಲೇ ಸುತ್ತಮುತ್ತಲ ಊರುಗಳ ಬ್ಯಾಂಡುಗಳಲ್ಲಿ ನುಡಿಸಲು ಶುರು ಮಾಡಿದರು. 1944ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಅಲ್ಲಿ 52ನೇ ಬೀದಿಯ ಓನಿಕ್ಸ್ ಕ್ಲಬ್ಬಿನಲ್ಲಿ ಟ್ರಂಪೆಟ್ ವಾದಕ ಹಾಟ್ ಲಿಪ್ಸ್ ಪೇಜ್ ಅವರ ಜೊತೆ ಕೆಲಸ. ಆಮೇಲೆ 2010ರ ಮೇ 16ರಂದು, 91ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ನಿಲ್ಲಲಿಲ್ಲ. ನ್ಯೂಯಾರ್ಕಿನ ಲೆಕ್ಕ ಮಾತ್ರ ಹಿಡಿದರೂ ಅರುವತ್ತೈದು ವರ್ಷ ದಾಟುತ್ತದೆ.

ನೀವು ಹೇಳಿದ ಆಲ್ಬಮ್ ರೆಕಾರ್ಡ್ ಆದದ್ದು 1958ರ ಮಾರ್ಚ್‌ನಲ್ಲಿ. ಅದರ ಮೊದಲ ಟ್ರ್ಯಾಕ್ ‘ಆಟಮ್ ಲೀವ್ಸ್’ ಹನ್ನೊಂದು ನಿಮಿಷದ ಹತ್ತಿರ ಇದೆ. ಪಿಯಾನೋ ಸೋಲೋ ಬರುವುದು ಕೊನೆಯ ಹೊತ್ತಿಗೆ. ಈ ಸಲ ಸುಮ್ನೆ ಒಂದು ಕೆಲಸ ಮಾಡಿ. ಡೇವಿಸ್ ಅವರ ಟ್ರಂಪೆಟ್ ಮತ್ತು ಆಡರ್ಲಿ ಅವರ ಸ್ಯಾಕ್ಸೊಫೋನ್ ನುಡಿಯುವಾಗ ಅವುಗಳ ಕಡೆ ಗಮನ ಕೊಡದೆ, ಹಿಂದೆ ಪಿಯಾನೋ ಎಲ್ಲಿ ಮಾತಾಡುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ಅನ್ನುವುದನ್ನಷ್ಟೇ ಕೇಳಿ. ಬೇರೆಯದೇ ಆಲ್ಬಮ್ ಕೇಳಿದ ಹಾಗಾಗುತ್ತದೆ.

ಪ್ರಶ್ನೆ: ಪಕ್ಕವಾದ್ಯದವರನ್ನು ಇಷ್ಟು ಹೊಗಳುವುದು ಯಾಕೆ? ಹಾಡುವವರು ಹಾಡುತ್ತಾರೆ, ಇವರು ಹಿಂದಿನಿಂದ ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳು) ಒತ್ತುತ್ತಾರೆ. ಸೋಲೋ ಹೊಡೆಯಲು ಆಗದವರು ಮಾಡುವ ಕೆಲಸ ಅಲ್ವಾ?

ಉತ್ತರ: ಅಲ್ಲ. ನಿಮ್ಮ ಪ್ರಶ್ನೆಯ ಧಾಟಿ ನನಗೆ ಇಷ್ಟ ಆಯಿತು, ಆದರೆ ಅಲ್ಲ.

ಜಾಝ್‌ನಲ್ಲಿ ಇದಕ್ಕೆ ‘ಕಾಂಪಿಂಗ್’ ಅಂತಾರೆ. ಕೇಳಲು ಸುಲಭ. ಹಾಡಿನ ಕಾರ್ಡುಗಳು ಎಲ್ಲರಿಗೂ ಗೊತ್ತಿರುತ್ತವೆ, ಹೆಚ್ಚಿನ ಹಾಡುಗಳು 32 ಬಾರ್‌ಗಳ (ನಮ್ಮ ತಾಳದ ಆವರ್ತನದ ಹಾಗೆ, ಲಯದ ಒಂದೊಂದು ಅಳತೆ) ಚೌಕಟ್ಟಿನಲ್ಲೇ ಇರುತ್ತವೆ, ಬ್ಲೂಸ್ ಆದರೆ 12. ಕಷ್ಟ ಇರುವುದು ಬೇರೆ ಕಡೆ. ಯಾವ ಕಾರ್ಡ್ ಅನ್ನುವುದಕ್ಕಿಂತ ಯಾವಾಗ, ಎಷ್ಟು ಗಟ್ಟಿಯಾಗಿ, ಎಷ್ಟು ಸ್ವರ, ಪಿಯಾನೋದ ಯಾವ ಭಾಗದಲ್ಲಿ, ಇವುಗಳ ತೀರ್ಮಾನ ಪ್ರತಿ ಕ್ಷಣ ಆಗುತ್ತಿರಬೇಕು, ಅದೂ ಮುಂದೆ ನಿಂತವರು ಮುಂದಿನ ಕ್ಷಣ ಏನು ಮಾಡುತ್ತಾರೆ ಅಂತ ಗೊತ್ತಿಲ್ಲದೆ. ಎಡಗೈ ತೀರಾ ಕೆಳಗಿನ ಸ್ವರಗಳಿಗೆ ಇಳಿದರೆ ಬೇಸ್ ಎಂಬ ದಪ್ಪ ದನಿಯ ತಂತಿವಾದ್ಯ ನುಡಿಸುವವರ ಜಾಗಕ್ಕೆ ನುಗ್ಗಿದ ಹಾಗೆ. ಬಲಗೈ ಹಾಡುವವರ ದನಿ ಇರುವ ಎತ್ತರದಲ್ಲೇ ಓಡಾಡಿದರೆ ದನಿ ಮುಚ್ಚಿಹೋಗುತ್ತದೆ. ಇನ್ನು ತಾಳ ಬಿದ್ದ ಕಡೆಯೆಲ್ಲಾ ಕಾರ್ಡ್ ಹಾಕುತ್ತಾ ಹೋದರೆ ಸೋಲೋ ನುಡಿಸುವವರಿಗೆ ಉಸಿರು ಕಟ್ಟುತ್ತದೆ. ಉಳಿದ ಸಣ್ಣ ಜಾಗದಲ್ಲಿ ಸಂಗೀತ ಮಾಡಬೇಕು.

ಎಲಾ ಫಿಟ್ಜೆರಾಲ್ಡ್ ಅವರನ್ನೇ ತಗೊಳ್ಳಿ. ಹ್ಯಾಂಕ್ ಜೋನ್ಸ್ ಆಕೆಗೆ ನುಡಿಸಿದ್ದು 1948ರಿಂದ 1953ರವರೆಗೆ. ಆಕೆ ಸ್ಕ್ಯಾಟ್ ಶುರು ಮಾಡಿದರೆ, ಅಂದರೆ ಪದಗಳನ್ನು ಬಿಟ್ಟು ಬರೀ ಸದ್ದುಗಳಲ್ಲಿ ಸ್ಯಾಕ್ಸೊಫೋನ್ ಥರ ಹಾಡಲು ತೊಡಗಿದರೆ, ಎಲ್ಲಿಂದ ಎಲ್ಲಿಗೆ ಹಾರುತ್ತಾರೆ ಅಂತ ಹೇಳಲು ಬರುವುದಿಲ್ಲ. ಆ ಹೊತ್ತಿಗೆ ಹಿಂದೆ ಕೂತವರ ಕಿವಿ ಚೂರು ಮಂದ ಇದ್ದರೂ ಮುಗಿಯಿತು. ಇಂಥ ಕಡೆ ಐದು ವರ್ಷ ಉಳಿದವರನ್ನು ‘ಸೋಲೋ ಬಾರದವರು’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸೋಲೋ ವಿಷಯಕ್ಕೂ ಒಂದು ಮಾತು. 1956ರಲ್ಲಿ ಸವಾಯ್ ಕಂಪನಿಗೆ ಅವರು ಒಬ್ಬರೇ ಕೂತು ಇಡೀ ಆಲ್ಬಮ್ ನುಡಿಸಿದ್ದಾರೆ. 1991ರಲ್ಲಿ ಕ್ಯಾಲಿಫೋರ್ನಿಯಾದ ಮೇಬೆಕ್ ಹಾಲ್‌ನಲ್ಲಿ ಜನರ ಮುಂದೆ ಒಬ್ಬರೇ ನುಡಿಸಿದ ರೆಕಾರ್ಡಿಂಗ್ ಇದೆ. ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಯಾರ ಆಸರೆಯೂ ಇಲ್ಲ. ಕೇಳಿ ಆಮೇಲೆ ಬರೆಯಿರಿ.

ಪ್ರಶ್ನೆ: ಅವರು ಸ್ವಿಂಗ್ ಕಾಲದವರೋ, ಬೀಬಾಪ್ ಕಾಲದವರೋ?

ಉತ್ತರ: ಎರಡೂ. ಸ್ವಿಂಗ್ ಅಂದರೆ 1930ರ ದಶಕದ ದೊಡ್ಡ ಬ್ಯಾಂಡುಗಳ ಕುಣಿತದ ಜಾಝ್, ಬೀಬಾಪ್ ಅಂದರೆ 1940ರ ದಶಕದಲ್ಲಿ ಬಂದ ಸಣ್ಣ ತಂಡಗಳ ವೇಗದ, ಜಟಿಲ ಜಾಝ್. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಪಿಯಾನೋ ವಾದಕರು ಫ್ಯಾಟ್ಸ್ ವಾಲರ್, ಅರ್ಲ್ ಹೈನ್ಸ್, ಟೆಡ್ಡಿ ವಿಲ್ಸನ್, ಆರ್ಟ್ ಟೇಟಮ್. ಆ ನಯ ಬೆರಳಲ್ಲಿ ಕೊನೆಯವರೆಗೂ ಇತ್ತು. ನ್ಯೂಯಾರ್ಕ್‌ಗೆ ಬಂದಾಗ ಊರಲ್ಲಿ ಬೀಬಾಪ್ ಗಾಳಿ, ಅದನ್ನೂ ಕಲಿತರು. 1952ರ ಡಿಸೆಂಬರ್ 30ರಂದು ಬೀಬಾಪ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ರೆಕಾರ್ಡಿಂಗ್‌ನಲ್ಲಿ ಮ್ಯಾಕ್ಸ್ ರೋಚ್ ಡ್ರಮ್ಸ್‌ಗೆ ಕೂತಿದ್ದರೆ ಪಿಯಾನೋಗೆ ಇದ್ದದ್ದು ಇವರು. ನಾಲ್ಕು ವರ್ಷದ ನಂತರ ಸ್ವಿಂಗ್ ದೊರೆ ಬೆನ್ನಿ ಗುಡ್‌ಮನ್ ಜೊತೆ! ಇಬ್ಬರ ಪಕ್ಕದಲ್ಲೂ ಕೂತು ಇಬ್ಬರಿಗೂ ಸರಿ ಅನಿಸಿಕೊಂಡವರು ಹೆಚ್ಚಿಲ್ಲ.

ಪ್ರಶ್ನೆ: ಮರಿಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದಾಗ ಪಿಯಾನೋ ನುಡಿಸಿದ್ದು ಇವರೇ ಅಂತ ಎಲ್ಲೋ ಓದಿದೆ. ನಿಜಾನಾ, ಕಟ್ಟುಕಥೆನಾ?

ಉತ್ತರ: ನಿಜ. 1962ರ ಮೇ 19, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಡೆಮಾಕ್ರಟಿಕ್ ಪಕ್ಷಕ್ಕೆ ದುಡ್ಡು ಕೂಡಿಸುವ ಸಮಾರಂಭ. ಹುಟ್ಟುಹಬ್ಬ ಇದ್ದದ್ದು ಹತ್ತು ದಿನ ಬಿಟ್ಟು, ಆ ಮಾತು ಬೇರೆ. ಹದಿನಾರು ಬಾರ್‌ಗಳ ಸಂಗೀತಕ್ಕೆ ಎಂಟು ಗಂಟೆ ರಿಹರ್ಸಲ್ ಮಾಡಿದೆವು ಅಂತ ಹ್ಯಾಂಕ್ ಜೋನ್ಸ್ ಆಮೇಲೆ ನೆನಪಿಸಿಕೊಂಡಿದ್ದರು. ಆಕೆ ತುಂಬಾ ಹೆದರಿದ್ದರಂತೆ.

ಆ ತುಣುಕು ಜಗತ್ತಿಗೆಲ್ಲಾ ಗೊತ್ತು, ಪಿಯಾನೋ ಯಾರದು ಅಂತ ಯಾರೂ ಕೇಳುವುದಿಲ್ಲ. ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಈ ಒಂದು ವಿಷಯವನ್ನೇ ಮೇಲೆ ಎತ್ತಿ ಹಿಡಿದದ್ದು ನೋಡಿ ನನಗೆ ಸ್ವಲ್ಪ ಕಿರಿಕಿರಿ ಆಗಿತ್ತು. ಪಾರ್ಕರ್ ಜೊತೆ ನುಡಿಸಿದವರನ್ನು ಹದಿನಾರು ಬಾರ್‌ಗೆ ನೆನೆಯುವುದಾ! ಆದರೂ ಹೆದರಿದ ಒಬ್ಬರನ್ನು ಅಷ್ಟು ಜನರ ಮುಂದೆ ಬೀಳದ ಹಾಗೆ ನೋಡಿಕೊಳ್ಳುವುದು ಅವರ ಕಸುಬಿನ ಭಾಗವೇ.

ಪ್ರಶ್ನೆ: ಇಂಥ ಕಲಾವಿದ ಟಿವಿ ಕಂಪನಿಯಲ್ಲಿ ಸಂಬಳಕ್ಕೆ ಹದಿನೈದು ವರ್ಷ ದುಡಿದದ್ದು ದುರಂತ ಅನಿಸುವುದಿಲ್ಲವಾ? ಆ ಹೊತ್ತಿಗೆ ಉಳಿದವರು ಇತಿಹಾಸ ಬರೆಯುತ್ತಿದ್ದರು.

ಉತ್ತರ: ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು, ಬಂತು.

ವಿಷಯ ಇಷ್ಟು. 1959ರಲ್ಲಿ ಹ್ಯಾಂಕ್ ಜೋನ್ಸ್ ನ್ಯೂಯಾರ್ಕಿನ ಸಿಬಿಎಸ್ ವಾಹಿನಿಯಲ್ಲಿ ಖಾಯಂ ಸಂಗೀತಗಾರರಾಗಿ ಸೇರಿದರು, 1970ರ ದಶಕದ ನಡುವಿನವರೆಗೂ ಅಲ್ಲೇ ಇದ್ದರು. ಆಗ ದೊಡ್ಡ ವಾಹಿನಿಗಳು ತಮ್ಮದೇ ವಾದ್ಯಗೋಷ್ಠಿ ಇಟ್ಟುಕೊಳ್ಳುತ್ತಿದ್ದವು. ಎಡ್ ಸಲಿವನ್ ಶೋನಂಥ ಕಾರ್ಯಕ್ರಮಕ್ಕೆ ಇವತ್ತು ಒಬ್ಬ ಹಾಡುಗಾರ, ನಾಳೆ ಒಬ್ಬ ನೃತ್ಯಗಾರ, ನಾಡಿದ್ದು ಹಾಸ್ಯದವರು. ಎದುರಿಗೆ ಯಾವ ಹಾಳೆ ಇಟ್ಟರೂ ಆ ಕ್ಷಣವೇ ಓದಿ ನುಡಿಸಬೇಕು. ಹಾಡುವವರು ‘ಅರ್ಧ ಮನೆ ಕೆಳಗೆ ಹಾಡ್ತೀನಿ’ ಅಂದರೆ ಆ ಕ್ಷಣವೇ ಇಳಿಸಬೇಕು. ಮತ್ತೆ ಮಾಡಿ ಅನ್ನಲು ಸಮಯ ಇರುವುದಿಲ್ಲ.

ದುರಂತ ಅನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. 1960ರ ದಶಕದಲ್ಲಿ ಜಾಝ್ ಪಿಯಾನೋ ಬಹಳ ಬದಲಾಯಿತು. ಬಿಲ್ ಇವಾನ್ಸ್, ಮೆಕಾಯ್ ಟೈನರ್, ಹರ್ಬಿ ಹ್ಯಾನ್‌ಕಾಕ್ ಹೆಸರು ಮಾಡಿದ್ದು ಆಗಲೇ. ಪತ್ರಿಕೆಯವರ ಕಣ್ಣು ಅಲ್ಲಿತ್ತು, ಇವರು ಸ್ಟುಡಿಯೋ ಒಳಗೆ ಇದ್ದರು. ಆದರೆ ಅದೇ ದಶಕದಲ್ಲಿ ರಾಕ್ ಸಂಗೀತ ಬಂದು ಜಾಝ್ ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದವು, ಒಳ್ಳೊಳ್ಳೆಯವರು ಕೆಲಸ ಇಲ್ಲದೆ ಯೂರೋಪಿಗೆ ಹೊರಟರು, ಕೆಲವರು ವಾದ್ಯವನ್ನೇ ಬಿಟ್ಟರು ಅನ್ನುವುದನ್ನು ಮರೆಯಬಾರದು. ಜೊತೆಗೆ ಕಪ್ಪು ಸಂಗೀತಗಾರರಿಗೆ ವಾಹಿನಿಯೊಂದರಲ್ಲಿ ಖಾಯಂ ಕುರ್ಚಿ ಸಿಗುವುದೇ ಆಗ ಅಪರೂಪ. ಅದನ್ನು ಬೇಡ ಅನ್ನಬೇಕಿತ್ತು ಅಂತ ನಾವು ಇಲ್ಲಿ ಕೂತು ಹೇಳುವುದು ಸುಲಭ.

ಅದಕ್ಕಿಂತ ಮುಖ್ಯ, ಅವರು ಕೆಲಸದ ನಂತರ ಮನೆಗೆ ಹೋಗಿ ಮಲಗಲಿಲ್ಲ. ಆ ವರ್ಷಗಳಲ್ಲೂ ರೆಕಾರ್ಡಿಂಗ್ ನಡೆದೇ ಇತ್ತು. 1966ರ ಫೆಬ್ರವರಿಯಲ್ಲಿ ತಮ್ಮ ಥ್ಯಾಡ್ ಜೋನ್ಸ್ ಮತ್ತು ಡ್ರಮ್ಸ್ ವಾದಕ ಮೆಲ್ ಲೂಯಿಸ್ ಸೇರಿ ಗ್ರೆನಿಚ್ ವಿಲೇಜಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಸೋಮವಾರದ ದೊಡ್ಡ ಬ್ಯಾಂಡ್ ಶುರು ಮಾಡಿದರಲ್ಲ, ಅದರ ಮೊದಲ ಪಿಯಾನೋ ವಾದಕ ಹ್ಯಾಂಕ್. ಬ್ಯಾಂಡಿನಲ್ಲಿ ಇದ್ದವರಲ್ಲಿ ಹೆಚ್ಚಿನವರು ಹಗಲೆಲ್ಲಾ ಸ್ಟುಡಿಯೋಗಳಲ್ಲಿ ದುಡಿಯುವವರೇ. ಮನಸ್ಸಿಗೆ ಬೇಕಾದ್ದನ್ನು ನುಡಿಸಲು ಒಂದು ರಾತ್ರಿ ಬೇಕಿತ್ತು, ಮಾಡಿಕೊಂಡರು. ಹೆಸರು ಬದಲಾದರೂ ಆ ಸೋಮವಾರದ ಪರಂಪರೆ ಅದೇ ಕ್ಲಬ್ಬಿನಲ್ಲಿ ದಶಕಗಳ ಕಾಲ ಮುಂದುವರಿಯಿತು.

ನನ್ನ ಅನಿಸಿಕೆ ಕೇಳಿದರೆ, 1976ರ ನಂತರದ ಹ್ಯಾಂಕ್ ಜೋನ್ಸ್‌ಗೆ ಬೇಕಾದ ಕೆಲವು ಗುಣ ಆ ಸಿಬಿಎಸ್ ಕುರ್ಚಿಯಲ್ಲೇ ಗಟ್ಟಿಯಾದವು. ಯಾರೇ ಬಂದು ಪಕ್ಕದಲ್ಲಿ ನಿಂತರೂ ಗಾಬರಿ ಇಲ್ಲ, ಮುಖ ಸಿಂಡರಿಸುವುದಿಲ್ಲ, ಎರಡು ಸಾಲು ಕೇಳಿದರೆ ಸಾಕು, ಅವರ ಜೊತೆ ಹೊರಟುಬಿಡುತ್ತಾರೆ.

ಪ್ರಶ್ನೆ: ಡ್ರಮ್ಸ್ ವಾದಕ ಎಲ್ವಿನ್ ಜೋನ್ಸ್ ಇವರಿಗೆ ಏನಾಗಬೇಕು?

ಉತ್ತರ: ಕೊನೆಯ ತಮ್ಮ. ಹ್ಯಾಂಕ್ 1918, ಟ್ರಂಪೆಟ್ ಮತ್ತು ಕಾರ್ನೆಟ್ ನುಡಿಸುವ ಥ್ಯಾಡ್ 1923, ಎಲ್ವಿನ್ 1927. ಥ್ಯಾಡ್ ಕೌಂಟ್ ಬೇಸಿ ಬ್ಯಾಂಡಿನಲ್ಲಿ ಒಂಬತ್ತು ವರ್ಷ ಇದ್ದರು. ಎಲ್ವಿನ್, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಪ್ರಖ್ಯಾತ ಕ್ವಾರ್ಟೆಟ್‌ನ (ನಾಲ್ವರ ತಂಡ) ಡ್ರಮ್ಸ್ ವಾದಕ. ಮೂವರ ಸ್ವಭಾವವೂ ಬೇರೆ. ಎಲ್ವಿನ್ ಬಿರುಗಾಳಿ, ಅಣ್ಣ ಒಂದು ಸ್ವರವನ್ನೂ ಒರಟಾಗಿ ಮುಟ್ಟದವರು. 1958ರಲ್ಲಿ ಮೂವರೂ ಸೇರಿ ಒಂದು ಆಲ್ಬಮ್ ಮಾಡಿದರು. ಬೇಸ್ ನುಡಿಸಲು ಎಡ್ಡಿ ಜೋನ್ಸ್ ಎಂಬುವರನ್ನು ಕರೆದರು. ಅವರು ಸಂಬಂಧಿ ಅಲ್ಲ, ಅಡ್ಡಹೆಸರು ಮಾತ್ರ ಒಂದೇ!

ಥ್ಯಾಡ್ 1986ರಲ್ಲಿ ಹೋದರು, ಎಲ್ವಿನ್ 2004ರಲ್ಲಿ. ಎಲ್ಲರಿಗಿಂತ ಹಿರಿಯರು ಎಲ್ಲರಿಗಿಂತ ಕೊನೆಗೆ ಉಳಿದರು.

ಪ್ರಶ್ನೆ: ವಯಸ್ಸಾದ ಮೇಲೆ ಹೆಚ್ಚಿನ ವಾದಕರು ಹಳೆಯದನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ಇವರೂ ಹಾಗೇನಾ?

ಉತ್ತರ: ನನ್ನ ಕಿವಿಗೆ ಇವರದ್ದು ಉಲ್ಟಾ. ಅತ್ಯುತ್ತಮ ಕೆಲಸದಲ್ಲಿ ದೊಡ್ಡ ಪಾಲು ಐವತ್ತೈದು ದಾಟಿದ ಮೇಲಿನದು.

1976ರಲ್ಲಿ, 58ರ ಹೊತ್ತಿಗೆ, ಬೇಸ್‌ನ ರಾನ್ ಕಾರ್ಟರ್ ಮತ್ತು ಡ್ರಮ್ಸ್‌ನ ಟೋನಿ ವಿಲಿಯಮ್ಸ್ ಜೊತೆ ಗ್ರೇಟ್ ಜಾಝ್ ಟ್ರಿಯೋ ಶುರುವಾಯಿತು. ಅವರಿಬ್ಬರೂ 1960ರ ದಶಕದ ಮೈಲ್ಸ್ ಡೇವಿಸ್ ತಂಡದವರು. ಟೋನಿ ಹದಿನೇಳಕ್ಕೇ ಆ ತಂಡ ಸೇರಿದ್ದ ಹುಡುಗ, ಇವರಿಗಿಂತ ಇಪ್ಪತ್ತೇಳು ವರ್ಷ ಚಿಕ್ಕವರು, ಡ್ರಮ್ಸ್ ಮೇಲೆ ಗುಡುಗುವವರು. ಎಲ್ವಿನ್‌ನಂಥ ತಮ್ಮನ ಜೊತೆ ಬೆಳೆದವರಿಗೆ ಅದೇನೂ ಹೊಸದಲ್ಲ ಅನ್ನಿ. ಹ್ಯಾಂಕ್ ದನಿ ಏರಿಸಲಿಲ್ಲ. ಗುಡುಗಿನ ನಡುವೆಯೇ ತಮ್ಮ ಮೆದು ಮಾತು ಆಡಿದರು, ಅದು ಕೇಳಿಸುತ್ತದೆ ಕೂಡ. ವ್ಯಾನ್‌ಗಾರ್ಡ್‌ನಲ್ಲಿ 1977ರಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಹುಡುಕಿ. ಆಮೇಲೆ ಈ ಟ್ರಿಯೋದ ಹೆಸರು ಉಳಿಯಿತು, ಜೊತೆಗಾರರು ಬದಲಾಗುತ್ತಾ ಹೋದರು.

ಅದೇ ದಶಕದ ಕೊನೆಯಲ್ಲಿ ಬ್ರಾಡ್‌ವೇಗೆ ಹೋಗಿ, ಫ್ಯಾಟ್ಸ್ ವಾಲರ್ ಸಂಗೀತದ ಮೇಲೆ ಕಟ್ಟಿದ ‘ಏನ್ಟ್ ಮಿಸ್‌ಬಿಹೇವಿನ್’ ನಾಟಕಕ್ಕೆ ವೇದಿಕೆ ಮೇಲೆ ಕೂತು ನುಡಿಸಿದರು. ಚಿಕ್ಕಂದಿನಲ್ಲಿ ಕೇಳಿದ ವಾಲರ್ ಈಗ ಅನ್ನದ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1995ರ ‘ಸ್ಟೀಲ್ ಅವೇ’. ಬೇಸ್ ನುಡಿಸಿದವರು ಚಾರ್ಲಿ ಹೇಡನ್. ಇಬ್ಬರೇ. ಕಪ್ಪು ಜನರ ಚರ್ಚ್ ಹಾಡುಗಳು, ಸ್ಪಿರಿಚುಯಲ್‌ಗಳು ಅಂದರೆ ಗುಲಾಮಗಿರಿ ಕಾಲದ ಭಕ್ತಿಗೀತೆಗಳು, ಜನಪದ ಹಾಡುಗಳು, ಅಷ್ಟೇ. ಸೋಲೋ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಹಾಡನ್ನು ಹಾಡಿನ ಹಾಗೇ ನುಡಿಸುತ್ತಾರೆ, ಕೆಳಗಿನ ಒಂದೆರಡು ಸ್ವರ ಮಾತ್ರ ಜರುಗಿರುತ್ತವೆ, ಅಷ್ಟಕ್ಕೇ ಹಾಡಿನ ಬಣ್ಣ ಬೇರೆಯಾಗುತ್ತದೆ. ಜಾಝ್ ಅಂದರೆ ಸ್ವರಗಳ ಸುರಿಮಳೆ ಅಂದುಕೊಂಡವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ಅದೇ ವರ್ಷ ಮಾಲಿ ದೇಶದ ಚೇಕ್ ಟಿಡಿಯಾನ್ ಸೆಕ್ ಮತ್ತು ಅವರ ಮಾಂಡಿಂಕಾ ಸಂಗೀತಗಾರರ ಜೊತೆ ‘ಸರಾಲಾ’ ಬಂತು. ಆಫ್ರಿಕಾದ ವಾದ್ಯ, ದನಿಗಳ ನಡುವೆ 76 ವಯಸ್ಸಿನ ಇವರು ಮತ್ತೆ ಹೊಸಬರ ಹಾಗೆ ಜಾಗ ಹುಡುಕಿಕೊಂಡಿದ್ದಾರೆ.

ಇನ್ನೂ ಇದೆ. ತಮಗಿಂತ 34 ವರ್ಷ ಚಿಕ್ಕವರಾದ ಸ್ಯಾಕ್ಸೊಫೋನ್ ವಾದಕ ಜೋ ಲೊವಾನೋ ಜೊತೆ ನ್ಯೂಯಾರ್ಕಿನ ಡಿಝೀಸ್ ಕ್ಲಬ್ಬಿನಲ್ಲಿ ಇಬ್ಬರೇ ನುಡಿಸಿದ ಆಲ್ಬಮ್ 2007ರಲ್ಲಿ ಬಂತು. ಹೇಡನ್ ಜೊತೆಯ ಎರಡನೇ ಆಲ್ಬಮ್ಮನ್ನು ರೆಕಾರ್ಡ್ ಮಾಡಿದ್ದು 2010ರ ಫೆಬ್ರವರಿಯಲ್ಲಿ, ಅಂದರೆ ತೀರಿಕೊಳ್ಳುವ ಮೂರು ತಿಂಗಳ ಮುಂಚೆ. ಅದು ‘ಕಮ್ ಸಂಡೇ’, ಹೊರಬಂದದ್ದು 2012ರಲ್ಲಿ.

ಪ್ರಶ್ನೆ: ಇಷ್ಟೆಲ್ಲಾ ಮಾಡಿದವರಿಗೆ ಪ್ರಶಸ್ತಿ ಬಂತಾ?

ಉತ್ತರ: ಬಂತು, ತಡವಾಗಿ. 1989ರಲ್ಲಿ ಜಾಝ್ ಮಾಸ್ಟರ್ ಗೌರವ, 2008ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ, 2009ರಲ್ಲಿ ಗ್ರ್ಯಾಮಿಯವರ ಜೀವಮಾನ ಸಾಧನೆ ಪ್ರಶಸ್ತಿ.

ಪ್ರಶ್ನೆ: ಹಾಗಾದರೆ ಇವರು ಬಿಲ್ ಇವಾನ್ಸ್ ಅಥವಾ ಥೆಲೋನಿಯಸ್ ಮಂಕ್ ಥರ ಮನೆಮಾತು ಯಾಕೆ ಆಗಲಿಲ್ಲ?

ಉತ್ತರ: ಮಂಕ್ ನುಡಿಸಿದರೆ ಎರಡೇ ಸ್ವರಕ್ಕೆ ಗೊತ್ತಾಗುತ್ತದೆ. ಹ್ಯಾಂಕ್ ಜೋನ್ಸ್ ಹಾಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕು ಅಂತ ಅವರಿಗೆ ಆಸೆ ಇದ್ದ ಹಾಗೂ ಕಾಣುವುದಿಲ್ಲ. ಅವರು ಕಟ್ಟಿದ ಒಂದು ಖಾಯಂ ತಂಡ ಬಹಳ ಕಾಲ ಇರಲಿಲ್ಲ, ಎಲ್ಲರೂ ಗುನುಗುವ ಸ್ವಂತ ರಚನೆ ಇಲ್ಲ, ಬದುಕಿನಲ್ಲಿ ಪತ್ರಿಕೆಗೆ ಬೇಕಾದ ರಂಪಾಟವೂ ಇಲ್ಲ. ಸೂಟು ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬಂದು, ಚೆನ್ನಾಗಿ ನುಡಿಸಿ ಹೋಗುವವರ ಬಗ್ಗೆ ಕಥೆ ಹುಟ್ಟುವುದು ಕಷ್ಟ. ಪುಸ್ತಕ ಬರೆಯುವವರಿಗೆ ಹೊಸ ದಾರಿ ಹಾಕಿದವರು ಬೇಕು. ಸಾವಿರ ರೆಕಾರ್ಡಿಂಗ್‌ಗಳನ್ನು ಹಾಳಾಗದ ಹಾಗೆ ಕಾಪಾಡಿದವರಿಗೆ ಅಧ್ಯಾಯ ಇರುವುದಿಲ್ಲ.

ಆದರೆ ಪಿಯಾನೋ ನುಡಿಸುವವರನ್ನು ಕೇಳಿ ನೋಡಿ. ಡೆಟ್ರಾಯಿಟ್ ಸೀಮೆಯಿಂದಲೇ ಬಂದ ಟಾಮಿ ಫ್ಲಾನಗನ್ ಇವರ ದಾರಿಯಲ್ಲೇ ನಡೆದವರು. ಕೋಲ್ಟ್ರೇನ್ ಅವರ ‘ಜಯಂಟ್ ಸ್ಟೆಪ್ಸ್’ನಲ್ಲಿ ನುಡಿಸಿದವರು, ಆಮೇಲೆ ಅವರೂ ಹತ್ತು ವರ್ಷಕ್ಕಿಂತ ಜಾಸ್ತಿ ಎಲಾಗೆ ಪಿಯಾನೋ ನುಡಿಸಿದರು. 1978ರಲ್ಲಿ ಹ್ಯಾಂಕ್ ಮತ್ತು ಟಾಮಿ ಎರಡು ಪಿಯಾನೋ ಇಟ್ಟುಕೊಂಡು ಒಟ್ಟಿಗೆ ರೆಕಾರ್ಡ್ ಮಾಡಿದ್ದಾರೆ. ಹುಟ್ಟಾ ಪಕ್ಕವಾದ್ಯದವರು ಇಬ್ಬರು ಎದುರುಬದುರು ಕೂತರೆ ಏನಾಗಬೇಕು ಹೇಳಿ? ನೀವು ಮೊದಲು, ಇಲ್ಲ ನೀವು ಮೊದಲು ಅಂತ ಉಪಚಾರ ಮಾಡಿಕೊಳ್ಳುತ್ತಾ ಇಬ್ಬರೂ ಅದ್ಭುತವಾಗಿ ನುಡಿಸಿದ್ದಾರೆ.

ಪ್ರಶ್ನೆ: ನಾನು ಪಿಯಾನೋ ಕಲಿಯುತ್ತಿದ್ದೇನೆ. ಗೆಳತಿ ಹಾಡುತ್ತಾಳೆ. ಅವಳಿಗೆ ನುಡಿಸುವಾಗ ಎಲ್ಲಾ ಗಜಿಬಿಜಿ. ಹ್ಯಾಂಕ್ ಜೋನ್ಸ್ ಕೇಳಿದರೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ಅವರ ಬೆರಳುಗಾರಿಕೆಯನ್ನು ನಕಲು ಮಾಡಲು ಹೋಗಬೇಡಿ, ಅದು ಎಂಬತ್ತು ವರ್ಷದ ಅಭ್ಯಾಸ. ಅವರು ಶುರು ಮಾಡುವುದನ್ನು ಗಮನಿಸಿ. ಹಾಡುವವರು ಬಾಯಿ ತೆರೆಯುವ ಮುಂಚೆ ನಾಲ್ಕು ಬಾರ್ ಇರುತ್ತದಲ್ಲ, ಆ ನಾಲ್ಕರಲ್ಲೇ ಶ್ರುತಿ ಯಾವುದು, ವೇಗ ಎಷ್ಟು, ಹಾಡಿನ ಮನಸ್ಸು ಎಂಥದ್ದು ಅಂತ ಹೇಳಿ ಮುಗಿಸಿರುತ್ತಾರೆ. ಹಾಡುವವರು ಮೊದಲ ಸ್ವರಕ್ಕೆ ತಡಕಾಡಬೇಕಾಗುವುದಿಲ್ಲ. ನೀವೂ ಮೊದಲು ಅದನ್ನೇ ಕಲಿಯಿರಿ. ನಾಲ್ಕು ಬಾರ್ ನುಡಿಸಿ ನಿಲ್ಲಿಸಿ, ಗೆಳತಿಗೆ ಮೊದಲ ಸ್ವರ ತಾನಾಗಿ ಸಿಕ್ಕಿತಾ ನೋಡಿ. ಸಿಗದಿದ್ದರೆ ನಿಮ್ಮ ನಾಲ್ಕು ಬಾರ್ ಬದಲಾಗಬೇಕು, ಅವಳಲ್ಲ.

ಆಮೇಲೆ ರಾಗವನ್ನು ನೀವು ನುಡಿಸಬೇಡಿ, ಅವಳು ಹಾಡುತ್ತಿದ್ದಾಳಲ್ಲ. ಬಲಗೈಗೆ ಕೈತುರಿಕೆ ಜಾಸ್ತಿ ಇದ್ದರೆ ಒಂದು ವಾರ ಎರಡೂ ಕೈಯಲ್ಲಿ ಬರೀ ಕಾರ್ಡ್ ನುಡಿಸಿ, ಒಂದೊಂದು ಕೈಗೆ ಎರಡೇ ಸ್ವರ. ಸಾಹಿತ್ಯದ ಹಾಳೆಯಲ್ಲಿ ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ನಿಮಗೆ ಏನಾದರೂ ಹೇಳುವುದಿದ್ದರೆ ಆ ಗುರುತುಗಳಲ್ಲಿ ಹೇಳಿ. ಎಲ್ಲಾ ಗುರುತಿನಲ್ಲೂ ಹೇಳಲೇಬೇಕು ಅಂತೇನಿಲ್ಲ.

ಟಾಮಿ ಫ್ಲಾನಗನ್ ಬಗ್ಗೆ ಕೇಳಿದವರು ಇನ್ನೂ ಕೆಲವರಿದ್ದಾರೆ. ಅವರ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇರೆಯವರೂ ಪ್ರಶ್ನೆ ಇದ್ದರೆ ಕಳಿಸಿ.